ಸರಕಿನ ಲೆಕ್ಕ, ಹಣದ ಲೆಕ್ಕ: ಅಂತರರಾಷ್ಟ್ರೀಯ ಅರ್ಥಶಾಸ್ತ್ರವನ್ನು ಓದುವ ಬಗೆ

ಅರ್ಥಶಾಸ್ತ್ರದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಅಂತರರಾಷ್ಟ್ರೀಯ ಅರ್ಥಶಾಸ್ತ್ರವನ್ನು ಸಾಮಾನ್ಯವಾಗಿ ಎರಡು ಹೋಳು ಮಾಡಿ ಕಲಿಸಲಾಗುತ್ತದೆ. ಮೊದಲನೆಯದು ವ್ಯಾಪಾರ: ಒಂದು ದೇಶ ಯಾವ ಸರಕನ್ನು ಏಕೆ ಮಾರುತ್ತದೆ, ಯಾವುದನ್ನು ಏಕೆ ಕೊಳ್ಳುತ್ತದೆ, ಆಮದು ಸುಂಕ ಹಾಕಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆಗಳು ಅಲ್ಲಿ ಬರುತ್ತವೆ. ಎರಡನೆಯದು ಹಣಕಾಸು: ವಿನಿಮಯ ದರ, ಪಾವತಿ ಶಿಲ್ಕು, ವಿದೇಶಿ ಸಾಲ, ಬಂಡವಾಳದ ಹರಿವು. ಮೊದಲ ಭಾಗದ ಮಾದರಿಗಳಲ್ಲಿ ಹಣದ ಸುಳಿವೇ ಇರುವುದಿಲ್ಲ, ಬಟ್ಟೆ ಕೊಟ್ಟು ದ್ರಾಕ್ಷಾರಸ ಪಡೆಯುವ ಲೆಕ್ಕ ಮಾತ್ರ ಇರುತ್ತದೆ. ಎರಡನೆಯ ಭಾಗದಲ್ಲಿ ಬಡ್ಡಿ ದರ, ಹಣದ ಪೂರೈಕೆ ಎಲ್ಲವೂ ಬರುತ್ತವೆ, ಆದರೆ ಕಾಫಿ, ರೇಷ್ಮೆ, ಕಚ್ಚಾ ತೈಲ ಎಂಬ ಭೇದವೆಲ್ಲ ಅಳಿಸಿಹೋಗಿ ‘ರಫ್ತು’ ಎಂಬ ಒಂದೇ ಅಕ್ಷರ ಸಮೀಕರಣದಲ್ಲಿ ಉಳಿಯುತ್ತದೆ. ಪರೀಕ್ಷೆಯ ದೃಷ್ಟಿಯಿಂದ ಈ ವಿಂಗಡಣೆ ಅನುಕೂಲಕರವಾಗಿರಬಹುದು. ಆದರೆ ಎರಡನ್ನೂ ಒಟ್ಟಿಗೆ ಹಿಡಿದು ನೋಡಲು ಕಲಿಯದಿದ್ದರೆ ಪತ್ರಿಕೆಯ ಮುಖಪುಟದಲ್ಲಿ ಬರುವ ಒಂದು ಸುದ್ದಿಯೂ ಸರಿಯಾಗಿ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇವೆರಡೂ ಒಂದೇ ಲೆಕ್ಕದ ಪುಸ್ತಕದ ಎರಡು ಪುಟಗಳೆಂಬುದನ್ನು ಕೆಲವು ನಿಜ ಪ್ರಸಂಗಗಳ ಮೂಲಕ ವಿವರಿಸುವುದು ಇಲ್ಲಿನ ಉದ್ದೇಶ.

ವ್ಯಾಪಾರ ಸಿದ್ಧಾಂತದ ಮೊದಲ ಪಾಠ 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಉದಾಹರಣೆ. ಒಂದು ವರ್ಷಕ್ಕೆ ಬೇಕಾದ ಬಟ್ಟೆ ತಯಾರಿಸಲು ಇಂಗ್ಲೆಂಡಿಗೆ 100 ಕೆಲಸಗಾರರು ಬೇಕು, ದ್ರಾಕ್ಷಾರಸಕ್ಕೆ 120 ಜನ ಬೇಕು. ಪೋರ್ಚುಗಲ್ಲಿಗೆ ಬಟ್ಟೆಗೆ 90 ಜನ, ದ್ರಾಕ್ಷಾರಸಕ್ಕೆ 80 ಜನ ಸಾಕು. ಎರಡರಲ್ಲಿಯೂ ಪೋರ್ಚುಗಲ್ಲೇ ಮುಂದಿರುವಾಗ ಅದು ಇಂಗ್ಲೆಂಡಿನಿಂದ ಬಟ್ಟೆಯನ್ನು ಏಕೆ ಕೊಳ್ಳಬೇಕು? ಇಲ್ಲಿ ಕೆಲಸಗಾರರ ಸಂಖ್ಯೆಯನ್ನು ದೇಶದಿಂದ ದೇಶಕ್ಕೆ ಹೋಲಿಸಿದರೆ ಉತ್ತರ ಸಿಗುವುದಿಲ್ಲ, ಒಂದೇ ದೇಶದೊಳಗೆ ಒಂದನ್ನು ಮಾಡಲು ಇನ್ನೊಂದನ್ನು ಎಷ್ಟು ಬಿಡಬೇಕಾಗುತ್ತದೆ ಎಂದು ಕೇಳಬೇಕು. ಇಂಗ್ಲೆಂಡಿನಲ್ಲಿ ಒಂದು ಪಾಲು ದ್ರಾಕ್ಷಾರಸ ತಯಾರಿಸಲು 120 ಜನರನ್ನು ತೊಡಗಿಸಿದರೆ, ಅದೇ ಜನ ತಯಾರಿಸಬಹುದಾಗಿದ್ದ 1.2 ಪಾಲು ಬಟ್ಟೆ ಕೈಬಿಟ್ಟು ಹೋಗುತ್ತದೆ. ಪೋರ್ಚುಗಲ್ಲಿನಲ್ಲಿ ಒಂದು ಪಾಲು ದ್ರಾಕ್ಷಾರಸಕ್ಕೆ ಬಿಡಬೇಕಾದ ಬಟ್ಟೆ ಸುಮಾರು 0.89 ಪಾಲು ಮಾತ್ರ. ಹಾಗಾಗಿ ದ್ರಾಕ್ಷಾರಸ ಪೋರ್ಚುಗಲ್ಲಿನಲ್ಲಿ ಅಗ್ಗ, ಬಟ್ಟೆ ಇಂಗ್ಲೆಂಡಿನಲ್ಲಿ ಅಗ್ಗ. ಈ ಎರಡು ಅನುಪಾತಗಳ ನಡುವಿನ ಯಾವುದೇ ಬೆಲೆಗೆ, ಉದಾಹರಣೆಗೆ ಒಂದು ಪಾಲಿಗೆ ಒಂದು ಪಾಲಿನಂತೆ, ವಿನಿಮಯ ನಡೆದರೂ ಇಂಗ್ಲೆಂಡಿಗೆ 20 ಜನರ ದುಡಿಮೆ ಉಳಿಯುತ್ತದೆ, ಪೋರ್ಚುಗಲ್ಲಿಗೆ 10 ಜನರ ದುಡಿಮೆ ಉಳಿಯುತ್ತದೆ. ಇದನ್ನೇ ತುಲನಾತ್ಮಕ ಅನುಕೂಲ ಎನ್ನುತ್ತಾರೆ.

ಈ ಲೆಕ್ಕವನ್ನು ಕಂಠಪಾಠ ಮಾಡುವವರು ಹಲವರು, ರಿಕಾರ್ಡೊ ಅದರ ಜೊತೆಗೇ ಸೇರಿಸಿದ ಷರತ್ತನ್ನು ಗಮನಿಸುವವರು ಕೆಲವರು. ಬಂಡವಾಳ ಮತ್ತು ದುಡಿಮೆ ಸಲೀಸಾಗಿ ದೇಶದಿಂದ ದೇಶಕ್ಕೆ ಹೋಗುವಂತಿದ್ದರೆ ಬಟ್ಟೆ, ದ್ರಾಕ್ಷಾರಸ ಎರಡನ್ನೂ ಪೋರ್ಚುಗಲ್ಲಿನಲ್ಲಿಯೇ ತಯಾರಿಸುವುದು ಇಂಗ್ಲೆಂಡಿನ ಬಂಡವಾಳಗಾರರಿಗೂ ಎರಡೂ ದೇಶಗಳ ಬಳಕೆದಾರರಿಗೂ ಲಾಭಕರವಾಗುತ್ತಿತ್ತು ಎಂದು ಅವನೇ ಬರೆದಿದ್ದಾನೆ. ಅಂದರೆ ವ್ಯಾಪಾರ ಸಿದ್ಧಾಂತದ ಅಡಿಪಾಯದಲ್ಲಿಯೇ ಹಣಕಾಸಿನ ಬಗ್ಗೆ ಒಂದು ಊಹೆ ಹುದುಗಿದೆ: ಸರಕು ಗಡಿ ದಾಟುತ್ತದೆ, ಬಂಡವಾಳ ದಾಟುವುದಿಲ್ಲ. ಇತಿಹಾಸವಂತೂ ಈ ಮಾದರಿಯಷ್ಟು ಸರಳವಾಗಿರಲಿಲ್ಲ. 1703ರ ಮೆಥುಯೆನ್ ಒಪ್ಪಂದದ ಬಳಿಕ ಇಂಗ್ಲೆಂಡಿನ ಬಟ್ಟೆ ಪೋರ್ಚುಗಲ್ಲಿಗೆ ಧಾರಾಳವಾಗಿ ಹರಿಯಿತು, ಆದರೆ ಅದಕ್ಕೆ ದ್ರಾಕ್ಷಾರಸದ ರಫ್ತು ಸಾಲಲಿಲ್ಲ. ವ್ಯತ್ಯಾಸವನ್ನು ತುಂಬಿದ್ದು ಪೋರ್ಚುಗಲ್ಲಿನ ವಸಾಹತಾಗಿದ್ದ ಬ್ರೆಜಿಲ್ಲಿನ ಗಣಿಗಳ ಚಿನ್ನ. ಮೊದಲ ಪಾಠದ ಆ ಪ್ರಸಿದ್ಧ ಉದಾಹರಣೆಯ ಹಿಂದೆಯೂ ಒಂದು ವ್ಯಾಪಾರ ಕೊರತೆ ಮತ್ತು ಅದಕ್ಕೆ ಹಣ ಹೊಂದಿಸಿದ ಬಗೆ ಅಡಗಿದೆ.

ಒಟ್ಟು ದೇಶಕ್ಕೆ ಲಾಭ ಎಂಬ ಮಾತು ದೇಶದೊಳಗಿನ ಪ್ರತಿಯೊಬ್ಬರಿಗೂ ಲಾಭ ಎಂಬ ಅರ್ಥವನ್ನು ಕೊಡುವುದಿಲ್ಲ. ಎಲಿ ಹೆಕ್‌ಷರ್ ಮತ್ತು ಬರ್ಟಿಲ್ ಓಲಿನ್ ಎಂಬ ಸ್ವೀಡನ್ನಿನ ಅರ್ಥಶಾಸ್ತ್ರಜ್ಞರು ಒಂದು ದೇಶದಲ್ಲಿ ಹೇರಳವಾಗಿರುವ ಉತ್ಪಾದನಾಂಗವನ್ನು (ಭೂಮಿ, ದುಡಿಮೆ, ಬಂಡವಾಳ ಇವುಗಳಲ್ಲೊಂದನ್ನು) ಹೆಚ್ಚಾಗಿ ಬಳಸುವ ಸರಕುಗಳೇ ಅಲ್ಲಿಂದ ರಫ್ತಾಗುತ್ತವೆ ಎಂದರು. 1941ರಲ್ಲಿ ವೋಲ್ಫ್‌ಗ್ಯಾಂಗ್ ಸ್ಟೋಲ್ಪರ್ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಅದರ ಕಹಿ ಪರಿಣಾಮವನ್ನು ತೋರಿಸಿದರು: ವ್ಯಾಪಾರ ಮುಕ್ತವಾದಾಗ ವಿರಳವಾಗಿರುವ ಉತ್ಪಾದನಾಂಗದ ಒಡೆಯರ ನಿಜ ವರಮಾನ ಕುಸಿಯುತ್ತದೆ. ಅಲ್ಪಾವಧಿಯಲ್ಲಿ ಈ ಹೊರೆ ಬೀಳುವುದು, ಒಂದು ಉದ್ಯಮವನ್ನು ಬಿಟ್ಟು ಇನ್ನೊಂದಕ್ಕೆ ಹೊರಳಲಾರದೆ ಸಿಕ್ಕಿಕೊಂಡಿರುವ ಜನರ ಮೇಲೆ. ಇದನ್ನು ಅರಿಯಲು ಕರ್ನಾಟಕದ ರೇಷ್ಮೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

2011-12ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಚೀನಾದ ರೇಷ್ಮೆ ನೂಲು ಅಗ್ಗವಾಯಿತು. ಅದರ ಬಿಸಿ ತಟ್ಟಿದ್ದು ರಾಮನಗರ, ಶಿಡ್ಲಘಟ್ಟದಂತಹ ಗೂಡಿನ ಮಾರುಕಟ್ಟೆಗಳಿಗೆ. ಗೂಡಿನ ಬೆಲೆ ಕುಸಿಯಿತು, ರೇಷ್ಮೆ ಬೆಳೆಗಾರರು ಬೀದಿಗಿಳಿದರು. ಹಿಪ್ಪುನೇರಳೆ ತೋಟ ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವಂಥದ್ದು, ಹುಳು ಸಾಕುವ ಮನೆಗೆ ಹಾಕಿದ ಹಣ ಬೇರೆ ಯಾವ ಕೆಲಸಕ್ಕೂ ಬಾರದು, ಹುಳು ಹಣ್ಣಾದ ಮೇಲೆ ಗೂಡನ್ನು ಬೆಲೆ ಬರುವ ತನಕ ಕೂಡಿಡಲೂ ಆಗುವುದಿಲ್ಲ, ಏಕೆಂದರೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ. ಪಠ್ಯಪುಸ್ತಕ ‘ನಿರ್ದಿಷ್ಟ ಉತ್ಪಾದನಾಂಗ’ ಎಂದು ಕರೆಯುವುದು ಇದನ್ನೇ. ಅದೇ ಹೊತ್ತಿಗೆ ಮಗ್ಗದ ಮುಂದೆ ಕುಳಿತ ನೇಕಾರರ ಲೆಕ್ಕ ಬೇರೆಯಾಗಿತ್ತು. ಸೀರೆಯ ಹಾಸಿಗೆ, ಅಂದರೆ ಉದ್ದದ ಎಳೆಗಳಿಗೆ, ಕಡಿಯದ, ಸಮನಾದ ದ್ವಿತಳಿ ಹುಳುವಿನ ನೂಲು ಬೇಕು. ಕರ್ನಾಟಕದ ಗೂಡಿನಲ್ಲಿ ಮಿಶ್ರತಳಿಯ ಪಾಲು ದೊಡ್ಡದು, ಅದರ ನೂಲು ಹೊಕ್ಕಿಗೆ, ಅಂದರೆ ಅಡ್ಡ ಎಳೆಗಳಿಗೆ, ಹೆಚ್ಚು ಹೊಂದುತ್ತದೆ. ಆದ್ದರಿಂದ ಚೀನಾದ ನೂಲು ಅಗ್ಗವಾಗಿ ಸಿಗುವುದು ನೇಕಾರರಿಗೆ ನೆಮ್ಮದಿಯ ವಿಷಯ. ಒಂದೇ ಸುಂಕದ ಒಂದು ತುದಿಯಲ್ಲಿ ಬೆಳೆಗಾರ ಮತ್ತು ನೂಲು ಬಿಚ್ಚುವ ರೀಲರ್, ಇನ್ನೊಂದು ತುದಿಯಲ್ಲಿ ನೇಕಾರ ಮತ್ತು ಸೀರೆ ಕೊಳ್ಳುವವರು. 2013-14ರ ಬಜೆಟ್‌ನಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಲಾಯಿತು.

ಗೆದ್ದವರ ಲಾಭ ಸೋತವರ ನಷ್ಟಕ್ಕಿಂತ ದೊಡ್ಡದಾಗಿರುವುದರಿಂದ, ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟರೂ ಎಲ್ಲರೂ ಮೊದಲಿಗಿಂತ ಮೇಲಿರಬಹುದು ಎಂದು ಸಿದ್ಧಾಂತ ಹೇಳುತ್ತದೆ. ಆ ಪರಿಹಾರ ನಿಜವಾಗಿ ಕೈಸೇರುವುದು ಅಪರೂಪ. ಮುಕ್ತ ವ್ಯಾಪಾರದ ಪರವಾಗಿ ವಾದಿಸುವ ಅರ್ಥಶಾಸ್ತ್ರಜ್ಞರು ಈ ಸತ್ಯವನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಅಂತೆಯೇ ಸುಂಕದ ಪರವಾಗಿ ವಾದಿಸುವವರು ನೇಕಾರನ ಜೇಬಿನಿಂದ ಹೋಗುವ ಹಣವನ್ನು ಮರೆಯಬಾರದು.

ವ್ಯಾಪಾರ ಸಿದ್ಧಾಂತ ಇಲ್ಲಿಗೆ ನಿಲ್ಲುವುದಿಲ್ಲ. ಒಂದೇ ಬಗೆಯ ಕಾರುಗಳನ್ನು ಜರ್ಮನಿ ಮತ್ತು ಫ್ರಾನ್ಸ್ ಪರಸ್ಪರ ಏಕೆ ಮಾರಿಕೊಳ್ಳುತ್ತವೆ ಎಂಬುದನ್ನು ವಿವರಿಸಲು ಪಾಲ್ ಕ್ರುಗ್‌ಮನ್ 1979ರಲ್ಲಿ ಬೃಹತ್ ಉತ್ಪಾದನೆಯ ಮಿತವ್ಯಯ ಮತ್ತು ಬಳಕೆದಾರರ ವೈವಿಧ್ಯದ ಹಂಬಲವನ್ನು ಮಾದರಿಗೆ ತಂದರು. ಎರಡು ದೇಶಗಳ ನಡುವಿನ ವ್ಯಾಪಾರ ಅವುಗಳ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ, ದೂರಕ್ಕೆ ತಕ್ಕಂತೆ ಕುಗ್ಗುತ್ತದೆ ಎಂಬ ಗುರುತ್ವ ಸಮೀಕರಣವನ್ನು ಯಾನ್ ಟಿನ್‌ಬರ್ಗನ್ 1962ರಲ್ಲಿ ಬಳಕೆಗೆ ತಂದರು. ಇಂದಿನ ಸಂಶೋಧನೆಯ ಬಹುಪಾಲು ಈ ಎರಡರ ಬೆನ್ನು ಹಿಡಿದು ಸಾಗಿದೆ.

ಈಗ ಪುಸ್ತಕದ ಎರಡನೆಯ ಪುಟಕ್ಕೆ ಬರೋಣ. ಒಂದು ದೇಶದವರು ಉಳಿದ ಜಗತ್ತಿನೊಂದಿಗೆ ಒಂದು ಅವಧಿಯಲ್ಲಿ ನಡೆಸಿದ ಎಲ್ಲ ವ್ಯವಹಾರಗಳ ಲೆಕ್ಕವೇ ಪಾವತಿ ಶಿಲ್ಕು. ಅದರಲ್ಲಿ ಚಾಲ್ತಿ ಖಾತೆ, ಬಂಡವಾಳ ಖಾತೆ ಎಂಬ ಎರಡು ಮುಖ್ಯ ವಿಭಾಗಗಳಿವೆ. ಚಾಲ್ತಿ ಖಾತೆಯಲ್ಲಿ ಸರಕು ಮತ್ತು ಸೇವೆಗಳ ವ್ಯಾಪಾರ, ಬಡ್ಡಿ ಮತ್ತು ಲಾಭಾಂಶ, ಹೊರನಾಡಿನಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಸೇರುತ್ತವೆ. ಬಂಡವಾಳ ಖಾತೆಯಲ್ಲಿ ನೇರ ಹೂಡಿಕೆ, ಷೇರು ಮತ್ತು ಸಾಲಪತ್ರಗಳ ಹೂಡಿಕೆ, ವಿದೇಶಿ ಸಾಲ, ಅನಿವಾಸಿಗಳ ಠೇವಣಿ ಬರುತ್ತವೆ. ಪ್ರತಿ ವ್ಯವಹಾರವೂ ಜಮೆ ಮತ್ತು ಖರ್ಚು ಎಂದು ಎರಡು ಸಲ ನಮೂದಾಗುವುದರಿಂದ ಚಾಲ್ತಿ ಖಾತೆಯಲ್ಲಿ ಕೊರತೆ ಬಂದರೆ ಅಷ್ಟೇ ಮೊತ್ತ ಬಂಡವಾಳ ಖಾತೆಯಿಂದಲೋ ವಿದೇಶಿ ವಿನಿಮಯ ಮೀಸಲಿನಿಂದಲೋ ಬಂದಿರಲೇಬೇಕು.

2023-24ರ ಭಾರತದ ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸರಕು ವ್ಯಾಪಾರದಲ್ಲಿ ಸುಮಾರು 24,000 ಕೋಟಿ ಡಾಲರ್ ಕೊರತೆ ಇತ್ತು. ಸುದ್ದಿಯಲ್ಲಿ ಈ ಅಂಕಿಯೊಂದನ್ನೇ ಕೇಳಿದವರಿಗೆ ಗಾಬರಿಯಾಗುವುದು ಸಹಜ. ಆದರೆ ಸೇವೆಗಳ ವ್ಯಾಪಾರದಲ್ಲಿ 16,000 ಕೋಟಿ ಡಾಲರಿಗೂ ಹೆಚ್ಚು ಮಿಗುತೆ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಮತ್ತು ವಿದೇಶಿ ಸಂಸ್ಥೆಗಳ ಇಲ್ಲಿನ ಕಚೇರಿಗಳು ಮಾಡಿಕೊಡುವ ಕೆಲಸ ಬರುವುದು ಈ ಸಾಲಿನಲ್ಲಿ. ಕೊಲ್ಲಿ ದೇಶಗಳು, ಅಮೆರಿಕ ಮುಂತಾದೆಡೆ ದುಡಿಯುವವರು ಕಳಿಸಿದ ಹಣ 10,000 ಕೋಟಿ ಡಾಲರನ್ನು ಮೀರಿತು, ಕರಾವಳಿಯ ಎಷ್ಟೋ ಮನೆಗಳ ಉಳಿತಾಯ ಈ ಅಂಕಿಯೊಳಗೆ ಸೇರಿದೆ. ವಿದೇಶಿ ಹೂಡಿಕೆದಾರರಿಗೆ ಕೊಟ್ಟ ಬಡ್ಡಿ, ಲಾಭಾಂಶಗಳನ್ನು ಕಳೆದ ಮೇಲೆ ಚಾಲ್ತಿ ಖಾತೆಯಲ್ಲಿ ಉಳಿದ ಕೊರತೆ ಒಟ್ಟು ದೇಶೀಯ ಉತ್ಪನ್ನದ ಶೇ 1ಕ್ಕಿಂತ ಕಡಿಮೆ.

ಚಾಲ್ತಿ ಖಾತೆಯನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬಹುದು, ಮತ್ತು ಈ ವಿಷಯದಲ್ಲಿ ವಿದ್ಯಾರ್ಥಿ ಕಲಿಯಲೇಬೇಕಾದ ಒಂದೇ ಒಂದು ಸಮೀಕರಣವನ್ನು ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ: ಚಾಲ್ತಿ ಖಾತೆಯ ಶಿಲ್ಕು ರಾಷ್ಟ್ರೀಯ ಉಳಿತಾಯದಿಂದ ದೇಶದೊಳಗಿನ ಹೂಡಿಕೆಯನ್ನು ಕಳೆದಷ್ಟಕ್ಕೆ ಸಮ. ದೇಶ ತಾನು ಉಳಿಸುವುದಕ್ಕಿಂತ ಹೆಚ್ಚು ಹೂಡಿದರೆ ವ್ಯತ್ಯಾಸ ಹೊರಗಿನಿಂದ ಬರಬೇಕು, ಅದು ಕೊರತೆಯಾಗಿ ಕಾಣುತ್ತದೆ. ಆ ಹಣದಿಂದ ಬಂದರು, ವಿದ್ಯುತ್ ಸ್ಥಾವರ, ಯಂತ್ರಗಳು ಬಂದರೆ ಮುಂದೆ ಅವುಗಳ ಆದಾಯದಿಂದಲೇ ಸಾಲ ತೀರುತ್ತದೆ. ಸರ್ಕಾರದ ದೈನಂದಿನ ವೆಚ್ಚಕ್ಕೆ ಹೋದರೆ ತೀರುವುದಿಲ್ಲ. ಸುಂಕ ಏರಿಸಿದಾಕ್ಷಣ ಕೊರತೆ ಇಳಿದೇ ತೀರುತ್ತದೆ ಎಂದು ಹೇಳಲಾಗದಿರುವುದಕ್ಕೂ ಇದೇ ಕಾರಣ. ಉಳಿತಾಯ ಮತ್ತು ಹೂಡಿಕೆ ಬದಲಾಗದಿದ್ದರೆ, ಒಂದು ಸರಕಿನ ಆಮದು ತಗ್ಗಿದರೂ ವಿನಿಮಯ ದರ ಹೊಂದಿಕೊಂಡು ಇನ್ನೊಂದರ ಆಮದು ಹೆಚ್ಚುತ್ತದೆ, ಇಲ್ಲವೇ ರಫ್ತು ಕುಗ್ಗುತ್ತದೆ.

1991ರ ಬಿಕ್ಕಟ್ಟನ್ನು ಈ ಸಮೀಕರಣದ ಬೆಳಕಿನಲ್ಲಿ ಓದಬೇಕು. 1980ರ ದಶಕದುದ್ದಕ್ಕೂ ಸರ್ಕಾರದ ವಿತ್ತೀಯ ಕೊರತೆ ಬೆಳೆಯುತ್ತ ಹೋಗಿ, 1990-91ರಲ್ಲಿ ಕೇಂದ್ರದ ಕೊರತೆಯೊಂದೇ ದೇಶೀಯ ಉತ್ಪನ್ನದ ಸುಮಾರು ಶೇ 8ರಷ್ಟಾಯಿತು. ಅಂದರೆ ರಾಷ್ಟ್ರೀಯ ಉಳಿತಾಯಕ್ಕೆ ಸರ್ಕಾರವೇ ತೂತು ಕೊರೆಯುತ್ತಿತ್ತು. ಆ ತೂತನ್ನು ಮುಚ್ಚಿದ್ದು ವಿದೇಶಿ ವಾಣಿಜ್ಯ ಸಾಲ, ಅಲ್ಪಾವಧಿ ಸಾಲ ಮತ್ತು ಅನಿವಾಸಿಗಳ ಠೇವಣಿ. ಇಂಥ ಹಣ ವಿಶ್ವಾಸ ಇರುವ ತನಕ ಬರುತ್ತದೆ, ವಿಶ್ವಾಸ ಕದಡಿದ ದಿನ ಒಟ್ಟಿಗೇ ಹೊರಟುಹೋಗುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ತೈಲದ ಬೆಲೆ ಏರಿತು, ಕುವೈತ್‌ನಲ್ಲಿದ್ದ ಭಾರತೀಯರು ಕೆಲಸ ಕಳೆದುಕೊಂಡು ಮರಳಿದ್ದರಿಂದ ಅವರು ಕಳಿಸುತ್ತಿದ್ದ ಹಣ ನಿಂತಿತು, ರೇಟಿಂಗ್ ಸಂಸ್ಥೆಗಳು ಭಾರತದ ದರ್ಜೆಯನ್ನು ಇಳಿಸಿದವು, ಅನಿವಾಸಿ ಠೇವಣಿಗಳು ಹೊರಗೆ ಹರಿಯತೊಡಗಿದವು. ಮೊದಲ ಎರಡು ಪೆಟ್ಟು ಚಾಲ್ತಿ ಖಾತೆಗೆ, ಕೊನೆಯ ಎರಡು ಬಂಡವಾಳ ಖಾತೆಗೆ ಬಿದ್ದವು ಎಂಬುದನ್ನು ಗಮನಿಸಬೇಕು.

1991ರ ನಡುವಿನ ಹೊತ್ತಿಗೆ ವಿದೇಶಿ ವಿನಿಮಯ ಮೀಸಲು ಸುಮಾರು 110 ಕೋಟಿ ಡಾಲರಿಗೆ ಇಳಿದಿತ್ತು, ಅದು ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟು. ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನವನ್ನು ಮರುಖರೀದಿಯ ಹಕ್ಕಿನೊಂದಿಗೆ ಸ್ವಿಸ್ ಬ್ಯಾಂಕೊಂದಕ್ಕೆ ಮಾರಿ ಸುಮಾರು 20 ಕೋಟಿ ಡಾಲರ್ ಪಡೆಯಲಾಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರ್ ಸಾಲ ತಂದಿತು. ಆಮದುದಾರರು ಬ್ಯಾಂಕಿನಲ್ಲಿ ಸರಕಿನ ಬೆಲೆಗೂ ಮೀರಿದ ನಗದು ಠೇವಣಿ ಇಡಬೇಕೆಂಬ ನಿಯಮ ಬಂದುದರಿಂದ ಕಾರ್ಖಾನೆಗಳಿಗೆ ಬಿಡಿಭಾಗ, ಕಚ್ಚಾವಸ್ತು ಸಿಗುವುದೇ ಕಷ್ಟವಾಯಿತು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಸುಮಾರು ಶೇ 18ರಿಂದ 19ರಷ್ಟು ಅಪಮೌಲ್ಯಗೊಳಿಸಲಾಯಿತು, ಡಾಲರಿಗೆ 21 ರೂಪಾಯಿಯ ಆಸುಪಾಸಿನಲ್ಲಿದ್ದ ದರ 26ರ ಆಸುಪಾಸಿಗೆ ಬಂತು. ಜುಲೈ 24ರಂದು ಮನಮೋಹನ ಸಿಂಗ್ ಬಜೆಟ್ ಮಂಡಿಸಿದರು. ಕೈಗಾರಿಕಾ ಪರವಾನಗಿ, ಆಮದು ಪರವಾನಗಿ, ಸುಂಕ ಇವೆಲ್ಲವನ್ನೂ ಸಡಿಲಿಸುವ ಕೆಲಸ ಆರಂಭವಾಯಿತು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಡಾಲರ್ ಇಲ್ಲದೆ ಒದ್ದಾಡುತ್ತಿದ್ದ ದೇಶ ಸುಂಕವನ್ನು ಏರಿಸುವ ಬದಲು ಇಳಿಸುವ ದಾರಿಯನ್ನು ಏಕೆ ಹಿಡಿಯಿತು? ಆಮದು ಸುಂಕ ಆಮದನ್ನಷ್ಟೇ ತಡೆಯುತ್ತದೆ, ರಫ್ತಿಗೆ ಅದರಿಂದ ಸಹಾಯವಿಲ್ಲ. ವಾಸ್ತವವಾಗಿ ಅದು ರಫ್ತಿನ ಮೇಲೂ ತೆರಿಗೆಯಂತೆ ವರ್ತಿಸುತ್ತದೆ, ಏಕೆಂದರೆ ರಫ್ತುದಾರ ಬಳಸುವ ಯಂತ್ರ, ನೂಲು, ರಾಸಾಯನಿಕಗಳೂ ದುಬಾರಿಯಾಗುತ್ತವೆ, ಬಂಡವಾಳವೂ ರಕ್ಷಣೆ ಪಡೆದ ಉದ್ಯಮಗಳತ್ತ ಸರಿಯುತ್ತದೆ. ಅಪಮೌಲ್ಯವಾದರೋ ಆಮದನ್ನು ದುಬಾರಿ ಮಾಡುವುದರ ಜೊತೆಗೆ ರಫ್ತುದಾರನ ಕೈಗೆ ಹೆಚ್ಚು ರೂಪಾಯಿ ಕೊಡುತ್ತದೆ. ಸುಂಕ ಇಳಿಸಿ ರೂಪಾಯಿಯನ್ನು ಅದರ ಸರಿಯಾದ ಮಟ್ಟಕ್ಕೆ ಬಿಡುವುದು ಒಂದೇ ಸುಧಾರಣೆಯ ಎರಡು ಕೈಗಳಾಗಿದ್ದವು. 1993ರಲ್ಲಿ ಎರಡಾಗಿದ್ದ ವಿನಿಮಯ ದರ ಒಂದಾಗಿ, ಅದನ್ನು ಮಾರುಕಟ್ಟೆಗೆ ಬಿಡಲಾಯಿತು, 1994ರ ಆಗಸ್ಟ್‌ನಲ್ಲಿ ಚಾಲ್ತಿ ಖಾತೆಯ ವ್ಯವಹಾರಗಳಿಗೆ ರೂಪಾಯಿ ಪರಿವರ್ತನೀಯವಾಯಿತು, ಅಂದರೆ ಅದನ್ನು ಬೇರೆ ಕರೆನ್ಸಿಗೆ ಮುಕ್ತವಾಗಿ ಬದಲಾಯಿಸಿಕೊಳ್ಳಬಹುದಾಯಿತು. ವ್ಯಾಪಾರ ನೀತಿಯನ್ನು ಮಾತ್ರ ಓದಿದವರಿಗೂ ವಿನಿಮಯ ದರವನ್ನು ಮಾತ್ರ ಓದಿದವರಿಗೂ 1991 ಅರ್ಧ ಕತೆಯಾಗಿಯೇ ಉಳಿಯುತ್ತದೆ.

ರೂಪಾಯಿ ಕುಸಿದರೆ ಅದು ದೇಶದ ಮಾನಹಾನಿ ಎಂಬ ಭಾವನೆ ವ್ಯಾಪಕವಾಗಿದೆ. ಅದನ್ನು ಪರೀಕ್ಷಿಸಲು ಕಾಫಿ ಚೀಲವೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು, ಅದರ ದೊಡ್ಡ ಪಾಲು ರಫ್ತಾಗುತ್ತದೆ. ಅರೇಬಿಕಾದ ಬೆಲೆ ನ್ಯೂಯಾರ್ಕಿನ ವಾಯಿದಾ ಮಾರುಕಟ್ಟೆಯಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದೂ ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ ನಿಗದಿಯಾಗುತ್ತದೆ. ನ್ಯೂಯಾರ್ಕಿನಲ್ಲಿ ಬೆಲೆ 200 ಸೆಂಟ್ ಎಂದುಕೊಳ್ಳೋಣ. ಕ್ಯೂರಿಂಗ್ ಆದ (ಹೊಟ್ಟು ತೆಗೆದು ಹಸನುಗೊಳಿಸಿದ) ಬೀಜದ 50 ಕೆ.ಜಿ. ಚೀಲಕ್ಕೆ ಸುಮಾರು 220 ಡಾಲರ್ ಆಗುತ್ತದೆ. ಡಾಲರಿಗೆ 60 ರೂಪಾಯಿ ಇದ್ದರೆ ಸುಮಾರು 13,200 ರೂಪಾಯಿ, 80 ಇದ್ದರೆ ಸುಮಾರು 17,600 ರೂಪಾಯಿ. ನ್ಯೂಯಾರ್ಕಿನ ಬೆಲೆ ಕದಲದಿದ್ದರೂ ಚೀಲದ ಬೆಲೆ ಮೂರನೇ ಒಂದರಷ್ಟು ಏರಿತು.

ಆದರೆ ಈ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಪೂರ್ತಿಯಾಗಿ ಆಮದಾಗುವಂಥದ್ದು, ಡೀಸೆಲ್ಲಿನ ಮೂಲವೂ ಬಹುಪಾಲು ಹೊರಗಿನದು. ಡಾಲರ್ ಏರಿದಾಗ ಇವೆರಡರ ವೆಚ್ಚವೂ ಏರುತ್ತದೆ. ಜೊತೆಗೆ ಬ್ರೆಜಿಲ್ಲಿನ ಕರೆನ್ಸಿ ರಿಯಾಲ್ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ಬ್ರೆಜಿಲ್. ಅಲ್ಲಿನ ರಿಯಾಲ್ ಡಾಲರಿನೆದುರು ಕುಸಿದರೆ ಬ್ರೆಜಿಲ್ಲಿನ ಬೆಳೆಗಾರನಿಗೆ ಕಡಿಮೆ ಡಾಲರ್ ಬೆಲೆಗೂ ಹೆಚ್ಚು ರಿಯಾಲ್ ಸಿಗುತ್ತದೆ, ಅವನು ಉತ್ಸಾಹದಿಂದ ಮಾರುತ್ತಾನೆ, ನ್ಯೂಯಾರ್ಕಿನ ಬೆಲೆಯೇ ಇಳಿಯುತ್ತದೆ. 2015ರಲ್ಲಿ ರಿಯಾಲ್ ತೀವ್ರವಾಗಿ ಕುಸಿದಾಗ ಅರೇಬಿಕಾದ ಬೆಲೆಯೂ ಕುಸಿಯಿತು. ರೂಪಾಯಿ ಆ ವರ್ಷ ಸ್ವಲ್ಪವೇ ಇಳಿದಿದ್ದರಿಂದ ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ಬೆಳೆಗಾರರಿಗೆ ಅದು ಆಸರೆಯಾಗಲಿಲ್ಲ. ಮೂಡಿಗೆರೆಯ ಬೆಳೆಗಾರ ಡಾಲರ್–ರೂಪಾಯಿ ದರದಷ್ಟೇ ಡಾಲರ್–ರಿಯಾಲ್ ದರವನ್ನೂ ನೋಡಬೇಕಾಗುತ್ತದೆ. ಎಲ್ಲ ವ್ಯಾಪಾರ ಸಂಗಾತಿಗಳ ಕರೆನ್ಸಿಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ಸೇರಿಸಿ, ಆಯಾ ದೇಶದ ಹಣದುಬ್ಬರದ ವ್ಯತ್ಯಾಸವನ್ನು ಹೊಂದಿಸಿ ಲೆಕ್ಕ ಹಾಕುವ ‘ನೈಜ ಪರಿಣಾಮಕಾರಿ ವಿನಿಮಯ ದರ’ ಎಂಬ ಸೂಚ್ಯಂಕವನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತದೆ. ನಮ್ಮಲ್ಲಿ ಬೆಲೆಗಳು ಇತರೆಡೆಗಿಂತ ವೇಗವಾಗಿ ಏರುತ್ತಿದ್ದರೆ ರೂಪಾಯಿ ಕಾಗದದ ಮೇಲೆ ಇಳಿದರೂ ಈ ಸೂಚ್ಯಂಕದಲ್ಲಿ ಏರುತ್ತಿರಬಹುದು, ರಫ್ತುದಾರನಿಗೆ ಮುಖ್ಯವಾಗುವುದು ಇದೇ.

ವಿನಿಮಯ ದರವನ್ನು ಸರ್ಕಾರ ತನಗೆ ಬೇಕಾದಲ್ಲಿ ನಿಲ್ಲಿಸಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ರಾಬರ್ಟ್ ಮಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ 1960ರ ದಶಕದಲ್ಲಿ ಕಟ್ಟಿದ ಮಾದರಿಯಲ್ಲಿದೆ. ಸ್ಥಿರ ವಿನಿಮಯ ದರ, ಬಂಡವಾಳದ ಮುಕ್ತ ಸಂಚಾರ, ಸ್ವತಂತ್ರ ಬಡ್ಡಿ ನೀತಿ ಈ ಮೂರರಲ್ಲಿ ಒಂದು ದೇಶಕ್ಕೆ ಎರಡು ಮಾತ್ರ ದಕ್ಕುತ್ತವೆ. ಬಂಡವಾಳ ಮುಕ್ತವಾಗಿರುವಾಗ ದರವನ್ನು ಕಟ್ಟಿಹಾಕಿದರೆ ಬಡ್ಡಿ ದರ ಹೊರಗಿನ ಬಡ್ಡಿ ದರವನ್ನೇ ಅನುಸರಿಸಬೇಕಾಗುತ್ತದೆ, ಇಲ್ಲವಾದರೆ ಬಂಡವಾಳ ಹರಿದುಹೋಗಿ ಮೀಸಲು ಬರಿದಾಗುತ್ತದೆ. ಥಾಯ್ಲೆಂಡ್ ತನ್ನ ಬಾಟ್ ಕರೆನ್ಸಿಯನ್ನು ರಕ್ಷಿಸಲು ಮೀಸಲನ್ನು ಕರಗಿಸಿ, 1997ರ ಜುಲೈ 2ರಂದು ಕೈಚೆಲ್ಲಿತು. ಭಾರತದಲ್ಲಿ ಬಂಡವಾಳ ಖಾತೆಯ ಪರಿವರ್ತನೀಯತೆಯತ್ತ ಹೆಜ್ಜೆ ಹಾಕಬೇಕೆಂದು ತಾರಾಪೋರ್ ಸಮಿತಿ ವರದಿ ಕೊಟ್ಟು ಆಗ ಕೆಲವು ವಾರಗಳಷ್ಟೇ ಆಗಿದ್ದವು. ಭಾರತ ಅಂದಿನಿಂದ ನಡುದಾರಿಯನ್ನು ಆರಿಸಿಕೊಂಡಿದೆ: ದರ ತೇಲುತ್ತದೆ, ಆದರೆ ರಿಸರ್ವ್ ಬ್ಯಾಂಕ್ ಏರಿಳಿತವನ್ನು ತಗ್ಗಿಸುತ್ತದೆ, ಬಂಡವಾಳ ಬರುತ್ತದೆ, ಆದರೆ ಕೆಲವು ಬಾಗಿಲುಗಳಿಂದ ಮಾತ್ರ.

2012-13ರಲ್ಲಿ ಭಾರತದ ಚಾಲ್ತಿ ಖಾತೆ ಕೊರತೆ ದೇಶೀಯ ಉತ್ಪನ್ನದ ಶೇ 4.8ರಷ್ಟಾಗಿ, 1991ಕ್ಕಿಂತಲೂ ದೊಡ್ಡದಾಯಿತು. ಅದರಲ್ಲಿ ಚಿನ್ನದ ಆಮದೇ ಸುಮಾರು 5,400 ಕೋಟಿ ಡಾಲರ್. ವ್ಯಾಪಾರದ ಪುಟದಲ್ಲಿ ನೋಡಿದರೆ ಇದು ಒಂದು ಸರಕಿನ ಆಮದು, ಸುಂಕ ಹಾಕಿ ತಡೆಯಬೇಕಾದ್ದು. ಸರ್ಕಾರವೂ 2013ರ ಆಗಸ್ಟ್ ಹೊತ್ತಿಗೆ ಸುಂಕವನ್ನು ಶೇ 10ಕ್ಕೆ ಏರಿಸಿತು. ಆದರೆ ಜನ ಅಷ್ಟು ಚಿನ್ನವನ್ನು ಏಕೆ ಕೊಂಡರು? ಆಗ ಹಣದುಬ್ಬರ ಶೇ 10ರ ಸಮೀಪದಲ್ಲಿತ್ತು, ಬ್ಯಾಂಕ್ ಠೇವಣಿಯ ಬಡ್ಡಿ ಅದಕ್ಕಿಂತ ಕಡಿಮೆ. ಹಣವನ್ನು ಬ್ಯಾಂಕಿನಲ್ಲಿಟ್ಟವರ ಉಳಿತಾಯ ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದುದರಿಂದ ಕುಟುಂಬಗಳು ಚಿನ್ನದತ್ತ ಹೊರಳಿದವು. ಕೊರತೆಗೆ ಮೂಲ ಹಣಕಾಸು ನೀತಿಯಲ್ಲಿತ್ತು, ಕಂಡದ್ದು ಸರಕಿನ ಲೆಕ್ಕದಲ್ಲಿ. 2013ರ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಮುಖ್ಯಸ್ಥ ಬೆನ್ ಬರ್ನಾಂಕೆ ಸಾಲಪತ್ರ ಖರೀದಿಯನ್ನು ಕಡಿಮೆ ಮಾಡಬಹುದೆಂಬ ಸೂಚನೆ ಕೊಟ್ಟಾಗ, ಅಲ್ಲಿ ಬಡ್ಡಿ ಏರಬಹುದೆಂದು ವಿದೇಶಿ ಹಣ ಹೊರಗೆ ಹರಿಯಿತು, ಡಾಲರಿಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ ಕೊನೆಗೆ 68ನ್ನು ದಾಟಿತು. ಸೆಪ್ಟೆಂಬರ್‌ನಲ್ಲಿ ರಘುರಾಂ ರಾಜನ್ ಗವರ್ನರ್ ಆದ ಬಳಿಕ ಅನಿವಾಸಿಗಳ ವಿದೇಶಿ ಕರೆನ್ಸಿ ಠೇವಣಿಗಳನ್ನು ಆಕರ್ಷಿಸುವ ವಿಶೇಷ ಯೋಜನೆಯಿಂದ ಸುಮಾರು 2,600 ಕೋಟಿ ಡಾಲರ್ ಬಂತು. 2013-14ರಲ್ಲಿ ಕೊರತೆ ಶೇ 1.7ಕ್ಕೆ ಇಳಿಯಿತು.

ಈ ವಿಷಯವನ್ನು ಆಳವಾಗಿ ಓದಬಯಸುವವರಿಗೆ ಮೊದಲು ಬೇಕಾಗುವುದು ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರದ ಗಟ್ಟಿ ತಳಹದಿ, ನಂತರ ಕಲನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಇವುಗಳಷ್ಟೇ ಮುಖ್ಯವೆಂದು ನಾನು ನಂಬುವ ಇನ್ನೊಂದು ಅಭ್ಯಾಸ ಅಂಕಿಅಂಶಗಳ ಮೂಲಕ್ಕೆ ಹೋಗುವುದು. ರಿಸರ್ವ್ ಬ್ಯಾಂಕ್ ಪ್ರತಿ ತ್ರೈಮಾಸಿಕಕ್ಕೂ ಪಾವತಿ ಶಿಲ್ಕನ್ನು ಪ್ರಕಟಿಸುತ್ತದೆ. ವಾಣಿಜ್ಯ ಸಚಿವಾಲಯದ ದತ್ತಾಂಶದಲ್ಲಿ ಎಚ್‌ಎಸ್ ಕೋಡ್ (ಪ್ರತಿ ಬಗೆಯ ಸರಕಿಗೂ ಕೊಟ್ಟಿರುವ ಸಂಖ್ಯೆ) ಹಾಕಿ ಯಾವ ಸರಕು ಯಾವ ದೇಶದಿಂದ ಎಷ್ಟು ಬಂತೆಂದು ಹುಡುಕಬಹುದು. ಕಾಫಿಯ ಕೋಡ್ 0901, ಕಚ್ಚಾ ರೇಷ್ಮೆಯದು 5002, ಚಿನ್ನದ್ದು 7108. ಆರು ಅಂಕಿಗಳವರೆಗೆ ಈ ಕೋಡ್ ಜಗತ್ತಿನ ಬಹುತೇಕ ದೇಶಗಳಲ್ಲಿ ಒಂದೇ ಆಗಿರುವುದರಿಂದ ನಮ್ಮ ಆಮದಿನ ಲೆಕ್ಕವನ್ನು ಚೀನಾದ ರಫ್ತಿನ ಲೆಕ್ಕದೊಂದಿಗೆ ತಾಳೆ ನೋಡಲೂ ಸಾಧ್ಯ. 2011ರ ಸುಂಕ ಇಳಿಕೆಯ ಹಿಂದಿನ ಮತ್ತು ಮುಂದಿನ ವರ್ಷಗಳ 5002ರ ಸಾಲನ್ನು ತೆಗೆದು ನೋಡಿದ ವಿದ್ಯಾರ್ಥಿಗೆ ಸುಂಕದ ಅಧ್ಯಾಯದ ರೇಖಾಚಿತ್ರ ಮತ್ತೆಂದೂ ಮರೆಯುವುದಿಲ್ಲ.

ಎರಡೂ ಭಾಗಗಳನ್ನು ಒಟ್ಟಿಗೆ ಬಳಸಿ ಬಿಡಿಸಬೇಕಾದ ಸಮಸ್ಯೆಯೊಂದು ಈಚಿನ ವರ್ಷಗಳಲ್ಲಿಯೇ ಎದುರಾಗಿದೆ. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ವಿದೇಶಿ ವ್ಯಾಪಾರವನ್ನು ರೂಪಾಯಿಯಲ್ಲಿ ಇತ್ಯರ್ಥಪಡಿಸಲು ಅವಕಾಶ ಕೊಟ್ಟಿತು. ನಿರ್ಬಂಧಗಳಿಗೆ ಒಳಗಾದ ರಷ್ಯಾದಿಂದ ಭಾರತ ಕಚ್ಚಾ ತೈಲವನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳತೊಡಗಿತ್ತು, ಡಾಲರಿನ ಗೊಡವೆಯಿಲ್ಲದೆ ರೂಪಾಯಿಯಲ್ಲಿಯೇ ವ್ಯವಹಾರ ನಡೆಯಬಹುದೆಂಬ ನಿರೀಕ್ಷೆ ಇತ್ತು. 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದ ರಷ್ಯಾದ ವಿದೇಶಾಂಗ ಸಚಿವ ಸೆರ್ಗೆಯ್ ಲಾವ್ರೊವ್, ಭಾರತದ ಬ್ಯಾಂಕುಗಳಲ್ಲಿ ತಮ್ಮ ದೇಶದ ನೂರಾರು ಕೋಟಿ ರೂಪಾಯಿ ಕೂಡಿಬಿದ್ದಿದೆ, ಅದನ್ನು ಬಳಸಲು ಬೇರೆ ಕರೆನ್ಸಿಗೆ ಬದಲಾಯಿಸಬೇಕಾಗಿದೆ ಎಂಬರ್ಥದ ಮಾತನಾಡಿದರು. ಕಾರಣ ಲೆಕ್ಕದಲ್ಲಿಯೇ ಇದೆ. 2023-24ರಲ್ಲಿ ಭಾರತ ರಷ್ಯಾದಿಂದ ಸುಮಾರು 6,100 ಕೋಟಿ ಡಾಲರ್ ಮೌಲ್ಯದ ಸರಕು ಕೊಂಡಿತು, ಮಾರಿದ್ದು 430 ಕೋಟಿ ಡಾಲರಿನ ಆಸುಪಾಸು. ರಷ್ಯಾ ಗಳಿಸಿದ ರೂಪಾಯಿಯಿಂದ ಕೊಳ್ಳುವಷ್ಟು ಭಾರತದ ಸರಕು ಅದಕ್ಕೆ ಬೇಕಿರಲಿಲ್ಲ, ಅದು ವ್ಯಾಪಾರದ ಪುಟ. ಬಂಡವಾಳ ಖಾತೆಯಲ್ಲಿ ರೂಪಾಯಿ ಪೂರ್ತಿ ಪರಿವರ್ತನೀಯವಲ್ಲದ ಕಾರಣ ಅದನ್ನು ಬೇರೆ ಕರೆನ್ಸಿಗೆ ಬದಲಾಯಿಸುವುದೂ ಬೇರೆಡೆ ಹೂಡುವುದೂ ಸಲೀಸಾಗಿರಲಿಲ್ಲ, ಅದು ಹಣಕಾಸಿನ ಪುಟ. ಸೋವಿಯತ್ ಕಾಲದ ರೂಪಾಯಿ ವ್ಯಾಪಾರದಲ್ಲಿ ಆ ದೇಶ ಭಾರತದ ಕಾಫಿ, ಚಹಾ, ಸಿದ್ಧ ಉಡುಪುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದುದರಿಂದ ಎರಡು ಕಡೆಯ ಲೆಕ್ಕವನ್ನು ಯೋಜನೆ ಹಾಕಿ ಸರಿದೂಗಿಸಲಾಗುತ್ತಿತ್ತು. ಇಂದು ರಷ್ಯಾದ ಮುಂದಿರುವ ಆಯ್ಕೆಗಳು ಭಾರತದಿಂದ ಹೆಚ್ಚು ಸರಕು ಕೊಳ್ಳುವುದು, ಆ ರೂಪಾಯಿಯನ್ನು ಭಾರತದ ಸರ್ಕಾರಿ ಸಾಲಪತ್ರಗಳಲ್ಲಿ ಹೂಡುವುದು, ಇಲ್ಲವೇ ದಿರ್ಹಮ್, ಯುವಾನ್‌ಗಳಂತಹ ಮೂರನೆಯ ಕರೆನ್ಸಿಯಲ್ಲಿ ಪಾವತಿ ಕೇಳುವುದು. ಮೊದಲನೆಯದಕ್ಕೆ ಭಾರತದ ಕಾರ್ಖಾನೆಗಳು ರಷ್ಯಾಕ್ಕೆ ಬೇಕಾದುದನ್ನು ತಯಾರಿಸಬೇಕು, ಎರಡನೆಯದಕ್ಕೆ ರಷ್ಯಾ ಆ ಹಣವನ್ನು ಭಾರತದಲ್ಲಿಯೇ ಬಿಟ್ಟಿರಲು ಒಪ್ಪಬೇಕು, ಮೂರನೆಯದಕ್ಕೆ ಭಾರತ ಆ ಕರೆನ್ಸಿಗಳನ್ನು ತನ್ನ ರಫ್ತಿನಿಂದಲೋ ಡಾಲರ್ ಕೊಟ್ಟೋ ಗಳಿಸಬೇಕು.